ಕೇಳಿದ್ದೇನೆ ಎಂದವರು

ಟೈಲರಕ್ಕನ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನುಗಳು ಇರುತ್ತಿದ್ದವು. ಅವನ್ನು ತೆಗೆಯದೆಯೇ, ಬಾಯಿಯ ಎಡ ಅಂಚನ್ನು ಮಾತ್ರ ಒಂದಿಷ್ಟು ಸಡಿಲಿಸಿ ಮಾತಾಡುತ್ತಿದ್ದರು. ಹೊಸಬರಿಗೆ ಆ ಮಾತು ಅರ್ಥವಾಗುತ್ತಿರಲಿಲ್ಲ. ಅಭ್ಯಾಸವಾದವರಿಗೆ ಅವರ ಹುಬ್ಬು ನೋಡಿದರೆ ಸಾಕಿತ್ತು. ತೀರ ಸಿಟ್ಟು ಬಂದಾಗ ಮಾತ್ರ ಪಿನ್ನುಗಳನ್ನೆಲ್ಲ ಅಂಗೈಗೆ ಉಗುಳಿ, "ಇನ್ನು ಹೇಳು" ಎನ್ನುತ್ತಿದ್ದರು. ಹಾಗೆ ಹೇಳಿದ ಮೇಲೆ ಯಾರೂ ಏನೂ ಹೇಳುತ್ತಿರಲಿಲ್ಲ.

ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ಅಂಗಡಿ. ಬ್ಲೌಸು, ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದರೂ ಅವರಿಗೆ ಹೆಸರು ಬಂದದ್ದು ವಕೀಲರ ಕಪ್ಪು ಕೋಟಿನಿಂದ. ಮಹಿಳಾ ವಕೀಲರ ಕೋಟನ್ನು ಅವರಷ್ಟು ಚೆನ್ನಾಗಿ ಹೊಲಿಯುವವರು ನಮ್ಮ ಕಡೆ ಇರಲಿಲ್ಲ. ನಾನು ಕಾನೂನು ಪದವಿ ಮುಗಿಸಿ, ನಮ್ಮೂರು ಶಿರ್ತಾಡಿಯಿಂದ ಎರಡು ಬಸ್ಸು ಬದಲಾಯಿಸಿ ಬಿ.ಸಿ.ರೋಡಿನ ಒಬ್ಬ ಹಿರಿಯ ವಕೀಲರ ಆಫೀಸಿಗೆ ಜೂನಿಯರ್ ಆಗಿ ಸೇರಿದಾಗ, ನಮ್ಮ ಸೀನಿಯರ್ ಮೊದಲು ಕಳಿಸಿದ್ದು ಕೋರ್ಟಿಗಲ್ಲ, ಟೈಲರಕ್ಕನ ಅಂಗಡಿಗೆ.

"ಕೈ ಎತ್ತು," ಅಂದರು ಅಕ್ಕ, ಅಳತೆ ಟೇಪು ಹಿಡಿದು. ಎತ್ತಿದೆ.

"ಇನ್ನೂ ಎತ್ತು ಮಾರಾಯ್ತಿ. ನಾಚಿಕೆ ಎಂತದ್ದು? ಜಡ್ಜರ ಎದುರು ಕೈ ಎತ್ತಿ ಮಾತಾಡುವಾಗ ಕಂಕುಳಲ್ಲಿ ಕೋಟು ಹಿಡಿದ್ರೆ ನಿನ್ನ ಮಾತೂ ಅಲ್ಲಿಗೇ ನಿಲ್ತದೆ."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಆದರೆ ಅವರು ನನ್ನನ್ನು "ಮಗಾ" ಎಂದು ಕರೆಯುತ್ತಿದ್ದ ದನಿಯನ್ನು ಯಾವ ಭಾಷೆಗೂ ತರಲು ನನ್ನಿಂದ ಆಗುವುದಿಲ್ಲ.

ಅವರ ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದರು. ನೆರಿಯದ ಕಡೆಯವರು, ಕಾಡಿನಂಚಿನ ಮನೆ. ಸಣ್ಣ ಪ್ರಾಯದಲ್ಲಿ ಮುಂಬಯಿಯ ಹೋಟೆಲಿಗೆ ಹೋಗಿ, ಅಲ್ಲಿಂದ ಯಾವನೋ ಏಜೆಂಟನ ಮೂಲಕ ಸರಕಿನ ಹಡಗಿಗೆ ಸೇರಿದವರು. ಮದುವೆಯಾಗಿ ಒಬ್ಬಳು ಮಗಳು ಹುಟ್ಟಿದ ಮೇಲೂ ಅವರು ಊರಲ್ಲಿ ಇದ್ದದ್ದಕ್ಕಿಂತ ನೀರಿನ ಮೇಲೆ ಇದ್ದದ್ದೇ ಹೆಚ್ಚು. ಒಂದು ದಿನ ಬೆಳಿಗ್ಗೆ ಹಡಗಿನಲ್ಲಿ ತಿಂಡಿ ಆಗಿರಲಿಲ್ಲವಂತೆ. ಅಡುಗೆಕೋಣೆಗೆ ಹೋಗಿ ನೋಡಿದರೆ ಒಲೆ ಹಚ್ಚಿಲ್ಲ, ಮನುಷ್ಯ ಇಲ್ಲ. ಹಡಗಿಡೀ ಹುಡುಕಿದರು, ಸಿಗಲಿಲ್ಲ. ಅಕ್ಕನಿಗೆ ತಿಳಿದದ್ದು ಇಷ್ಟೇ. ಅದೂ ಏಜೆಂಟನ ಒಂದು ಫೋನಿನಲ್ಲಿ. ಆಮೇಲೆ ಆ ಏಜೆಂಟನ ಆಫೀಸೇ ಬಾಗಿಲು ಹಾಕಿತು.

ಇಲ್ಲಿನ ಪೊಲೀಸರು ಘಟನೆ ನಡೆದದ್ದು ನಮ್ಮ ಠಾಣೆಯ ಸರಹದ್ದಿನಲ್ಲಲ್ಲ ಎಂದರು. ಮುಂಬಯಿಯವರು ಹಡಗು ಭಾರತದ್ದೇ ಅಲ್ಲ ಎಂದರು. ಹಡಗಿನ ಬಾವುಟ ಒಂದು ದೇಶದ್ದು, ಮಾಲೀಕರು ಇನ್ನೊಂದು ದೇಶದವರು, ಅದು ಹೋಗುತ್ತಿದ್ದದ್ದು ಯಾವ ದೇಶಕ್ಕೂ ಸೇರದ ನೀರಿನಲ್ಲಿ. ಹೀಗೆ ಒಬ್ಬ ಮನುಷ್ಯ ಇಲ್ಲವಾದ ಬಗ್ಗೆ ಉತ್ತರ ಕೊಡಬೇಕಾದವರು ಯಾರೂ ಇಲ್ಲ ಎಂದಾಯಿತು.

ಇದನ್ನೆಲ್ಲ ಅಕ್ಕ ಒಂದೇ ದಿನ ಹೇಳಿದ್ದಲ್ಲ. ಬಸ್ಸು ತಪ್ಪಿದಾಗ, ಮಳೆ ನಿಲ್ಲುವವರೆಗೆ ಕಾಯುವಾಗ, ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನಾನು ತುಣುಕು ತುಣುಕಾಗಿ ಕೇಳಿದ್ದು. ಹೇಳುವಾಗ ಅವರು ಅಳುತ್ತಿರಲಿಲ್ಲ. ಕೈ ಹೊಲಿಯುತ್ತಲೇ ಇರುತ್ತಿತ್ತು. ಗಂಡನ ವಿಷಯ ಮಾತಾಡುವಾಗ "ಇದ್ದರು" ಎಂದು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. "ಅವರಿಗೆ ಹುಳಿ ಜಾಸ್ತಿ ಆದ್ರೆ ಆಗುದಿಲ್ಲ", "ಅವರಿಗೆ ಗುಡುಗು ಅಂದ್ರೆ ಹೆದರಿಕೆ" ಹೀಗೆಯೇ. ಹಣೆಯಲ್ಲಿ ಕುಂಕುಮ, ಕುತ್ತಿಗೆಯಲ್ಲಿ ಕರಿಮಣಿ, ಎಲ್ಲ ಇದ್ದಂತೆಯೇ ಇತ್ತು.

ಆ ಫೋನು ಬಂದದ್ದು ನನ್ನ ಎರಡನೆಯ ಕೋಟಿನ ಅಳತೆಯ ದಿನ. ಮಧ್ಯಾಹ್ನ. ಹೊರಗೆ ಮೀನಿನವನ ಸ್ಕೂಟರು ಹಾರ್ನ್ ಹಾಕಿಕೊಂಡು ಹೋಗುತ್ತಿತ್ತು. ಅಕ್ಕ ನನ್ನ ಬೆನ್ನ ಹಿಂದೆ ನಿಂತು ಬಟ್ಟೆಗೆ ಪಿನ್ನು ಚುಚ್ಚುತ್ತಿದ್ದರು. ಮೆಷಿನಿನ ಮೇಲಿದ್ದ ಅವರ ಸಣ್ಣ ಫೋನು ಬಡಿದುಕೊಂಡಿತು. ಪರದೆಯ ಮೇಲೆ ನಂಬರು ಬಂದಿರಲಿಲ್ಲ. ಎರಡೂ ಕೈ ಕೆಲಸದಲ್ಲಿದ್ದುದರಿಂದ ಅವರು ಹುಬ್ಬಿನಲ್ಲೇ "ತೆಗಿ" ಎಂದರು. ತೆಗೆದು ಕಿವಿಗಿಟ್ಟೆ.

"ಹಲೋ," ಎಂದೆ.

ಮಾತು ಇರಲಿಲ್ಲ. ಆದರೆ ಖಾಲಿಯೂ ಇರಲಿಲ್ಲ. ದೂರದಲ್ಲಿ ಏನೋ ಒಂದು ಯಂತ್ರ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಅದರ ಮುಂದೆ, ತೀರ ಹತ್ತಿರದಲ್ಲಿ, ಯಾರೋ ಉಸಿರಾಡುತ್ತಿದ್ದರು. ಅವಸರದ ಉಸಿರಲ್ಲ. ಕೇಳಿಸಿಕೊಳ್ಳುತ್ತಾ ಕುಳಿತವರ ಉಸಿರು.

"ಯಾರೂ ಮಾತಾಡುದಿಲ್ಲ ಅಕ್ಕಾ," ಎಂದು ತಿರುಗಿದೆ. ಅವರು ಪಿನ್ನುಗಳನ್ನು ಅಂಗೈಗೆ ಉಗುಳಿದ್ದರು. ನನ್ನ ಕೈಯಿಂದ ಫೋನು ತೆಗೆದುಕೊಂಡು, ಕಿವಿಗೆ ಇಡಲಿಲ್ಲ. ಮೆಷಿನಿನ ಪಕ್ಕ, ಬಟ್ಟೆಯ ಮೇಲೆ ಮೆತ್ತಗೆ ಇಟ್ಟರು. ಕುಳಿತು ಹೊಲಿಯತೊಡಗಿದರು. ಕಾಲು ಪೆಡಲನ್ನು ಒತ್ತುತ್ತಿತ್ತು, ಸೂಜಿ ಓಡುತ್ತಿತ್ತು. ಒಂದು ಉದ್ದ ಹೊಲಿಗೆ ಮುಗಿದು ಇನ್ನೊಂದಕ್ಕೆ ತಿರುಗಿಸುವಾಗ ಫೋನಿನ ಬೆಳಕು ಆರಿತು. ಅವರು ಕಾಲು ನಿಲ್ಲಿಸಿದರು.

"ಅವರು ಫೋನ್ ಮಾಡಿದ್ರೆ ಮೊದಲು ಮಾತಾಡುವವರಲ್ಲ," ಎಂದರು. "ಮೊದಲಿಂದಲೂ ಹಾಗೆಯೇ. ಮೆಷಿನಿನ ಶಬ್ದ ಕೇಳ್ತಾ ಇರ್ತಾರೆ. ಹಡಗಿನಲ್ಲಿ ಅದು ಕೇಳಿದ್ರೆ ಮನೆಗೆ ಬಂದ ಹಾಗೆ ಆಗ್ತದಂತೆ."

ಅವರು ಕಾಣೆಯಾದ ಮಾರನೆಯ ವರ್ಷದಿಂದ, ಯಾವಾಗಲೋ ಒಮ್ಮೆ, ಇಂಥ ಫೋನು ಬರುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಮಗಳಿಗೂ. ತಪ್ಪಿ ಬಂದ ಕರೆ ಇರಬಹುದು, ಯಾರೋ ಕೀಟಲೆ ಮಾಡುತ್ತಿರಬಹುದು ಎಂಬ ಮಾತುಗಳು ನಾಲಿಗೆಯವರೆಗೆ ಬಂದವು. ಆದರೆ ಆ ಉಸಿರನ್ನು ನಾನೂ ಕೇಳಿದ್ದೆ. ಆ ಸಂಜೆ ಮನೆಗೆ ಮರಳುವಾಗ ಸಿದ್ಧಕಟ್ಟೆಯ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕುಳಿತಾಗ ಬಸ್ಸಿನ ಇಂಜಿನ್ನಿನ ಸದ್ದೂ ನನಗೆ ಬೇರೆಯೇ ಆಗಿ ಕೇಳಿತು.

ಮುಂದಿನ ವರ್ಷ ನೆರಿಯದಲ್ಲಿ ಗಂಡನ ಅಣ್ಣತಮ್ಮಂದಿರು ರಬ್ಬರು ತೋಟ ಪಾಲು ಮಾಡಲು ಹೊರಟರು. ಕಾಣೆಯಾದವರ ಸಹಿ ಬೇಕು, ಇಲ್ಲದಿದ್ದರೆ ಮರಣಪತ್ರ ಬೇಕು. ಎರಡೂ ಇಲ್ಲ. ಏಳು ವರ್ಷ ಒಬ್ಬನ ಸುದ್ದಿ, ಅದನ್ನು ಕೇಳಬೇಕಾದವರಿಗೇ ಕೇಳಿಬರದಿದ್ದರೆ ಆತ ಸತ್ತಿದ್ದಾನೆಂದು ಕೋರ್ಟು ಭಾವಿಸಬಹುದು ಎಂದು ಸಾಕ್ಷ್ಯ ಕಾನೂನು ಹೇಳುತ್ತದೆ. ಆ ಏಳು ವರ್ಷ ದಾಟಿತ್ತು. ಅಕ್ಕ ಒಪ್ಪಲಿಲ್ಲ. "ಅವರನ್ನು ಸಾಯಿಸ್ಲಿಕ್ಕೆ ನಾನೇ ಅರ್ಜಿ ಹಾಕುದಾ?" ಎಂದು ನಮ್ಮ ಸೀನಿಯರನ್ನೇ ಕೇಳಿದರು. ಕೊನೆಗೆ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳ ಪಾಲು ಕೈತಪ್ಪುತ್ತದೆ ಎಂದು ಎಲ್ಲರೂ ಹೇಳಿದ ಮೇಲೆ ಸಹಿ ಹಾಕಿದರು. ದಾವೆ ಹೂಡಿದ್ದು ನಮ್ಮ ಆಫೀಸಿನಿಂದ.

ಸಾಕ್ಷಿಕಟ್ಟೆ ಹತ್ತಿದ ದಿನ ಅಕ್ಕ ನೀಲಿ ಸೀರೆ ಉಟ್ಟಿದ್ದರು. ಕೋರ್ಟಿನಲ್ಲಿ ಕನ್ನಡ. ಶಾಲೆಯಲ್ಲಿ ಕಲಿತ ಕನ್ನಡವನ್ನು ಅಕ್ಷರ ಬಿಡಿಸಿ ಬಿಡಿಸಿ ಮಾತಾಡಿದರು. ಮರಣಪತ್ರ ಕೊಡಬೇಕಾದದ್ದು ಸರ್ಕಾರ. ಅದರ ಪರವಾಗಿ ಬಂದಿದ್ದ ಸರ್ಕಾರಿ ವಕೀಲರಿಗೆ ಈ ಕೇಸಿನಲ್ಲಿ ಜಗಳವೇನೂ ಇರಲಿಲ್ಲ. ಎದ್ದು ನಿಂತು, ಕೇಳಬೇಕಲ್ಲ ಎಂದು ಕೇಳಿದರು:

"ಏಳು ವರ್ಷದಿಂದ ನಿಮ್ಮ ಗಂಡನ ಬಗ್ಗೆ ಏನೂ ಕೇಳಿಲ್ಲ, ಅಲ್ವಾ?"

"ಕೇಳಿದ್ದೇನೆ," ಎಂದರು ಅಕ್ಕ.

ಜಡ್ಜರು ತಲೆಯೆತ್ತಿದರು. "ಏನು ಕೇಳಿದ್ದೀರಮ್ಮ?"

"ಉಸಿರು ಸ್ವಾಮಿ. ಫೋನಿನಲ್ಲಿ. ಅವರು ಮಾತಾಡುವುದಿಲ್ಲ. ಆದರೆ ಅದು ಅವರೇ."

ನಮ್ಮ ಸೀನಿಯರ್ ದಿಗ್ಗನೆ ಎದ್ದು ವಿಚಾರಣೆಗೆ ಬೇರೆ ದಿನ ಕೊಡಲು ಕೇಳಿಕೊಂಡರು. ಹೊರಗೆ ಜಗಲಿಯಲ್ಲಿ ಅವರ ಮುಖ ಕೆಂಪಾಗಿತ್ತು. "ಎಂತ ಮಾಡಿದ್ರಿ ನೀವು? ಒಂದು ಮಾತು, ಕೇಳಿಲ್ಲ ಅಂತ ಹೇಳಿದ್ರೆ ಆಗ್ತಿತ್ತು!"

"ಸತ್ಯವನ್ನೇ ಹೇಳ್ತೇನೆ ಅಂತ ಈಗಷ್ಟೇ ಹೇಳ್ಸಿದ್ರಲ್ಲ," ಎಂದರು ಅಕ್ಕ. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅವರಿಗೆ ನಿಜಕ್ಕೂ ಸೀನಿಯರ್ ಯಾಕೆ ಸಿಟ್ಟಾದರೆಂದು ತಿಳಿದಿರಲಿಲ್ಲ.

ಮುಂದಿನ ವಿಚಾರಣೆಗೆ ಮೊದಲೇ ದಾವೆಯನ್ನು ಹಿಂದಕ್ಕೆ ತೆಗೆದುಕೊಂಡರು. ಬೇಕಾದರೆ ಮತ್ತೆ ಹಾಕುವ ಅವಕಾಶವನ್ನು ಸೀನಿಯರ್ ಉಳಿಸಿಕೊಂಡರು. ಪಾಲು ನಿಂತುಹೋಯಿತು, ನೆರಿಯದವರು ಮಾತು ಬಿಟ್ಟರು. ಇದೆಲ್ಲವನ್ನೂ ಅಕ್ಕ ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಒಂದೇ. ಕೋರ್ಟಿನಲ್ಲಿ ಹೇಳಿದ ಆ ದಿನದಿಂದ ಫೋನು ಬರುವುದು ನಿಂತಿತು.

ತಿಂಗಳುಗಳು ಹೋದವು. ಬರಲಿಲ್ಲ. "ಹೇಳಬಾರದಿತ್ತು ಮಗಾ," ಎಂದರು ಒಂದು ದಿನ. "ಬಾಯಿಬಿಟ್ಟು ಹೇಳಿದ್ದಕ್ಕೆ ಹೋಯ್ತು."

ನಾನು ಸೀನಿಯರನ್ನು ಕೇಳಿದೆ. ಆ ಹಡಗಿನಲ್ಲಿ ಏನಾಯಿತು ಎಂದು ಯಾರಾದರೂ ಬರೆದಿಟ್ಟಿರಬೇಕಲ್ಲ? ಅದನ್ನು ಯಾರನ್ನು ಕೇಳಬೇಕು? ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅದು ನಮ್ಮಿಂದಾಗುದಲ್ಲ. ಕಡಲ ಕಾನೂನು. ಅದಕ್ಕೆ ಬೇರೆಯೇ ಓದು ಉಂಟು, ಬೇರೆಯೇ ಜನ ಉಂಟು."

ಆ ಓದು ಎಲ್ಲಿ ಉಂಟು ಎಂದು ಹುಡುಕಿದೆ. ಎಲ್‌ಎಲ್‌ಎಂ ಎಂದರೆ ನಮ್ಮ ಕಡೆ ಎಲ್ಲರೂ ಸಂವಿಧಾನವನ್ನೋ ಕ್ರಿಮಿನಲ್ ಕಾನೂನನ್ನೋ ಆರಿಸಿಕೊಳ್ಳುವವರು. ಕಡಲ ಕಾನೂನಿಗೆಂದೇ ಒಂದು ವರ್ಷದ ಕೋರ್ಸು ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿತ್ತು. ಸೀನಿಯರ್ ನಕ್ಕರು. "ಅದನ್ನು ಓದಿ ಬಂದು ಬಂಟ್ವಾಳ ಹೊಳೆಯಲ್ಲಿ ದೋಣಿ ಬಿಡ್ತೀಯಾ?" ಮನೆಯಲ್ಲಿ ಅಪ್ಪ, "ಇದ್ದ ಕೆಲಸ ಬಿಟ್ಟು ಮತ್ತೆ ಶಾಲೆಗೆ ಹೋಗುದಾ?" ಎಂದರು. ಅರ್ಜಿಯೊಂದಿಗೆ ಯಾಕೆ ಈ ವಿಷಯ ಓದಬೇಕೆಂದು ಒಂದು ಬರಹ ಕಳಿಸಬೇಕಿತ್ತು. ನಾನು ವ್ಯಾಪಾರ, ಬಂದರು, ದೇಶದ ಉದ್ದ ಕರಾವಳಿ ಎಂದೆಲ್ಲ ಬರೆದೆ. ಓದಿದರೆ ಯಾರೋ ಮಂತ್ರಿಯ ಭಾಷಣದ ಹಾಗಿತ್ತು. ಅದನ್ನು ಹರಿದು ಹಾಕಿ, ಆ ಬೆಳಿಗ್ಗೆ ಹಚ್ಚದೆ ಉಳಿದ ಒಲೆಯಿಂದ ಶುರುಮಾಡಿ ಮತ್ತೆ ಬರೆದೆ. ಆದರೆ ಅದು ನನ್ನ ಕಥೆಯಲ್ಲ. ಕೇಳದೆ ಕಳಿಸುವ ಹಾಗಿರಲಿಲ್ಲ.

ಅಂಗಡಿಗೆ ಹೋಗಿ ಒಂದೊಂದೇ ಸಾಲನ್ನು ತುಳುವಿನಲ್ಲಿ ಹೇಳಿದೆ. ಅಕ್ಕ ಮೆಷಿನು ನಿಲ್ಲಿಸಿ ಕೇಳಿದರು.

"ಅವರ ಹೆಸರು ಬರ್ದಿದ್ದೀಯಾ?"

"ಇಲ್ಲ ಅಕ್ಕ. ಹೆಸರು ಬರೆಯುದು ಸರಿಯಲ್ಲ ಅಂತ ಬಿಟ್ಟೆ."

"ಬರಿ," ಎಂದರು. "ಪೂರ್ತಿ ಹೆಸರು ಬರಿ. ರೇಷನ್ ಕಾರ್ಡಿನಿಂದ ತೆಗೆದ್ರು. ವೋಟರ್ ಲಿಸ್ಟಿನಿಂದ ತೆಗೆದ್ರು. ಹಡಗಿನವರು ಬರ್ಕೊಂಡಿದ್ದಾರೋ ಇಲ್ವೋ ಗೊತ್ತಿಲ್ಲ. ನಿನ್ನ ಅರ್ಜಿಯಲ್ಲಾದ್ರೂ ಇರ್ಲಿ." ಸ್ವಲ್ಪ ತಡೆದು, "ಸತ್ತಿದ್ದಾರೆ ಅಂತ ಮಾತ್ರ ಬರೀಬೇಡ," ಎಂದರು.

ಬರೆದೆ. ಆ ಹೆಸರು ಇಲ್ಲಿ ಬೇಡ. ಅದು ಹೋಗಬೇಕಾದಲ್ಲಿಗೆ ಹೋಗಿದೆ.

ಸಂದರ್ಶನ ಕಂಪ್ಯೂಟರಿನಲ್ಲಿ, ನಮ್ಮ ಆಫೀಸಿನಿಂದಲೇ. ಅಕ್ಕ ಅಂಗಡಿಗೆ ಬೀಗ ಹಾಕಿ, ಕೋರ್ಟಿಗೆ ಉಟ್ಟಿದ್ದ ನೀಲಿ ಸೀರೆಯನ್ನೇ ಉಟ್ಟು ಬಂದು ಜಗಲಿಯಲ್ಲಿ ಕಕ್ಷಿಗಾರರ ಬೆಂಚಿನ ಮೇಲೆ ಕುಳಿತರು. "ನೀವು ಯಾಕೆ ಅಕ್ಕ?" ಎಂದರೆ, "ನೀನು ಮಾತಾಡು," ಎಂದರು. ಪರದೆಯಲ್ಲಿ ಮೂವರು ಪ್ರಾಧ್ಯಾಪಕರಿದ್ದರು. ಅವರಲ್ಲಿ ವಯಸ್ಸಾದವರು ನನ್ನ ಬರಹವನ್ನು ಕೈಯಲ್ಲಿ ಹಿಡಿದಿದ್ದರು. ಆ ಹೆಸರನ್ನು ಅವರ ಊರಿನ ಉಚ್ಚಾರಣೆಯಲ್ಲಿ, ತುಸು ತಪ್ಪಾಗಿ, ಗಟ್ಟಿಯಾಗಿ ಓದಿದರು. ಹೊರಗೆ ಬೆಂಚು ಕಿರ್ ಎಂದಿತು.

"ವಕೀಲೆಯಾಗಿ ಹೇಳಿ," ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಈತ ಬದುಕಿದ್ದಾರೆಯೇ, ಇಲ್ಲವೇ?"

"ಗೊತ್ತಿಲ್ಲ ಸರ್," ಎಂದೆ. "ಅದಕ್ಕೆ ಉತ್ತರ ಹೇಳಬೇಕಾದವರು ಯಾರು ಅಂತಲೂ ಗೊತ್ತಿಲ್ಲ. ಅದನ್ನು ತಿಳಿಯಲಿಕ್ಕೆ ಅರ್ಜಿ ಹಾಕಿದ್ದೇನೆ."

ಅವರು ಮತ್ತೇನೂ ಕೇಳಲಿಲ್ಲ. ಉಳಿದಿಬ್ಬರ ಪ್ರಶ್ನೆಗಳಿಗೆ ಏನು ಉತ್ತರಿಸಿದೆನೋ ನೆನಪಿಲ್ಲ. ಹೊರಗೆ ಬಂದಾಗ ಅಕ್ಕ ಎದ್ದು ನಿಂತಿದ್ದರು. ಇಂಗ್ಲಿಷ್ ಅವರಿಗೆ ಬಾರದು. ಹೆಸರು ಕೇಳಿತ್ತು.

"ಎಂತ ಕೇಳಿದ್ರು ಅವರ ಬಗ್ಗೆ?"

ಹೇಳಿದೆ.

"ಸತ್ತಿದ್ದಾರೆ ಅಂತ ಹೇಳ್ಲಿಲ್ಲ ಅಲ್ವಾ ನೀನು?"

"ಇಲ್ಲ ಅಕ್ಕ."

ನನ್ನ ತಲೆಯ ಮೇಲೆ ಕೈಯಿಟ್ಟರು. ಸೂಜಿಯಿಂದ ಒರಟಾದ ಬೆರಳುಗಳು ಕೂದಲಿಗೆ ಸಿಕ್ಕಿಕೊಂಡವು. ಸೀಟು ಸಿಕ್ಕಿತು ಎಂದು ತಿಳಿದದ್ದು ಅದಾಗಿ ಕೆಲವು ವಾರಗಳ ಮೇಲೆ. ಆದರೆ ನನಗೆ ಆ ಹೊತ್ತಿನಲ್ಲೇ ಸಿಕ್ಕಿದ ಹಾಗಾಗಿತ್ತು.

ಆ ದೂರದ ಊರಿನಲ್ಲಿ, ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶವೇ ತನಿಖೆ ಮಾಡಬೇಕು ಎಂದು ಕಲಿತೆ. ನನ್ನ ಪ್ರಬಂಧದ ನೆಪದಲ್ಲಿ ಆ ದೇಶದ ಹಡಗು ಇಲಾಖೆಗೆ ಬರೆದೆ. ಬಹಳ ಕಾದ ಮೇಲೆ ಉತ್ತರ ಬಂತು: ಹಡಗು ಈಗ ನಮ್ಮ ದಾಖಲೆಯಲ್ಲಿಲ್ಲ, ತನಿಖೆ ನಡೆದ ಮಾಹಿತಿಯೂ ಇಲ್ಲ. ಹುಡುಕುತ್ತಾ ಹೋದೆ. ಹಡಗು ಹೆಸರು ಬದಲಾಯಿಸಿತ್ತು, ಬಾವುಟ ಬದಲಾಯಿಸಿತ್ತು. ಕೊನೆಗೆ ಹಡಗು ಒಡೆಯುವ ಒಂದು ತೀರದಲ್ಲಿ ಕಬ್ಬಿಣದ ತುಂಡುಗಳಾಗಿ ಹೋಗಿತ್ತು. ಅದು ಆದದ್ದು, ನಾನು ಆ ಫೋನನ್ನು ಕಿವಿಗಿಟ್ಟುಕೊಳ್ಳುವುದಕ್ಕೂ ಮೊದಲು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದ್ದೆ.

"ಹಡಗು ಹೋದ್ರೆ ಹೋಗ್ಲಿ," ಎಂದರು ಅವರು. "ಅವರು ಹಡಗಿನಲ್ಲೇ ಇದ್ದಾರೆ ಅಂತ ನಾನು ಯಾವಾಗ ಹೇಳಿದೆ?"

ಆ ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ನುಗ್ಗಿತು. ಅಂಗಡಿಯವರೆಲ್ಲ ಸಾಮಾನನ್ನು ಅಟ್ಟಕ್ಕೆ ಸಾಗಿಸಿದರು. ಅಕ್ಕ ಮೊಣಕಾಲುದ್ದದ ನೀರಿನಲ್ಲಿ ನಿಂತು ಬಟ್ಟೆಗಳನ್ನು ಎತ್ತಿಕೊಟ್ಟರು. ನೀರು ಇಳಿದ ಮೇಲೆ ಕೆಸರು ತೊಳೆದದ್ದೂ ಅವರೇ. ಅದರ ಬೆನ್ನಿಗೆ ಜ್ವರ ಬಂತು. ಇಲಿಜ್ವರ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ನಾನು ಪರೀಕ್ಷೆ ಮುಗಿಸಿ ರೈಲು ಹತ್ತಿದ್ದೆ. ಮಂಗಳೂರಿನಲ್ಲಿ ಇಳಿಯುವಾಗ ಅವರ ಮಗಳ ಫೋನು ಬಂತು.

ನೆರಿಯದವರು ಅಷ್ಟು ವರ್ಷದ ಮೇಲೆ ಬಂದಿದ್ದರು. ಮೀಯಿಸಿ ಮಲಗಿಸಿದ ಅಕ್ಕನ ಸುತ್ತ ಹೆಂಗಸರು ಕೈಕಟ್ಟಿ ನಿಂತಿದ್ದರು. ಕುಂಕುಮದ ಭರಣಿ ಯಾರದೋ ಕೈಯಲ್ಲಿತ್ತು, ಯಾರೂ ಹಚ್ಚುತ್ತಿರಲಿಲ್ಲ. ಮುತ್ತೈದೆಯಾಗಿ ಕಳಿಸುವುದೋ ಅಲ್ಲವೋ? ಗಂಡನ ಅತ್ತಿಗೆ, "ಅವನು ಹೋಗಿ ಎಷ್ಟು ಕಾಲ ಆಯ್ತು. ಸುಳ್ಳು ಮಾಡಿ ಕಳಿಸುದು ಬೇಡ," ಎಂದು ಮೆಲ್ಲಗೆ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಹೆದರಿಕೆಯಿಂದ. ಮಗಳು ನನ್ನ ಕಡೆ ನೋಡಿದಳು. ಸಾಕ್ಷಿ ಕೇಳುವವರ ಹಾಗೆ.

"ಕಾನೂನಿನ ಪ್ರಕಾರ ಅವರು ಇವತ್ತಿಗೂ ಬದುಕಿದ್ದಾರೆ," ಎಂದೆ. ಎಲ್ಲರೂ ನನ್ನ ಮುಖ ನೋಡಿದರು. "ಸತ್ತಿದ್ದಾರೆ ಅಂತ ಯಾವ ಕೋರ್ಟೂ ಹೇಳಿಲ್ಲ."

ಮಗಳು ಭರಣಿ ತೆಗೆದುಕೊಂಡು ತಾಯಿಯ ಹಣೆಗೆ ಅಗಲವಾಗಿ ಕುಂಕುಮ ಇಟ್ಟಳು.

ಆದರೆ ಆಮೇಲೂ ಆ ಕುಂಕುಮದ ಬಗ್ಗೆ ಊರಲ್ಲಿ ಗುಸುಗುಸು ನಿಲ್ಲಲಿಲ್ಲ. ಮಗಳಿಗೆ ತೋಟದ ಪಾಲೂ ಸಿಗಬೇಕಿತ್ತು. ಈ ಬಾರಿ ದಾವೆ ಹೂಡಿದವಳು ಅವಳು, ವಕೀಲೆ ನಾನು. "ನಿನ್ನ ತಂದೆಯ ಬಗ್ಗೆ ಏನಾದರೂ ಕೇಳಿದ್ದೀಯಾ?" ಎಂಬ ಪ್ರಶ್ನೆಗೆ ಅವಳು ನೆಲ ನೋಡುತ್ತಾ, "ಇಲ್ಲ" ಎಂದಳು. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು. ಜಡ್ಜರು ಕೇಳಿದರು: ಹಾಗಾದರೆ ಸಾವಿನ ದಿನ ಯಾವುದು? ಸರ್ಕಾರಿ ವಕೀಲರು, ಕಾಣೆಯಾದ ದಿನವೇ ಆಗಬಹುದು, ನಮ್ಮ ಆಕ್ಷೇಪವಿಲ್ಲ ಎಂದರು.

ನಾನು ಎದ್ದು ನಿಂತೆ. ಕೈ ಎತ್ತಿ ಮಾತಾಡಿದೆ. ಏಳು ವರ್ಷ ಸುದ್ದಿಯಿಲ್ಲ ಎಂಬುದರಿಂದ ಸತ್ತಿದ್ದಾನೆ ಎಂದಷ್ಟೇ ಭಾವಿಸಬಹುದು, ಯಾವಾಗ ಸತ್ತ ಎಂದು ಭಾವಿಸಲು ಬರುವುದಿಲ್ಲ, ಬೇರೆ ಪುರಾವೆ ಇಲ್ಲದಿದ್ದರೆ ಪ್ರಶ್ನೆ ಕೋರ್ಟಿನ ಮುಂದೆ ಬಂದ ದಿನವನ್ನೇ, ಅಂದರೆ ದಾವೆ ಹೂಡಿದ ದಿನವನ್ನೇ ಹಿಡಿಯಬೇಕು ಎಂದೆ. ಹಿಂದಿನ ತೀರ್ಪುಗಳನ್ನು ತೋರಿಸಿದೆ. ಹಡಗಿನ ಬಾವುಟದ ದೇಶ ತನಿಖೆಯನ್ನೇ ಮಾಡಿಲ್ಲ, ಆ ಬೆಳಿಗ್ಗೆ ಏನಾಯಿತೆಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ ಎಂದು ಆ ದೇಶದ ಹಡಗು ಇಲಾಖೆಯ ಪತ್ರವನ್ನು ಹಾಜರುಪಡಿಸಿದೆ. ನಮ್ಮ ಸೀನಿಯರ್ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರು. ಜಡ್ಜರು ಒಪ್ಪಿದರು.

ಹೀಗಾಗಿ ಸರ್ಕಾರದ ಕಾಗದದಲ್ಲಿ ಅಕ್ಕ ಹೋದ ಮೇಲೆ ಅವರ ಗಂಡ ಹೋದರು ಎಂದಾಯಿತು. ಮಗಳು ಮರಣಪತ್ರದ ತಾರೀಕನ್ನು ಓದಿ, ಬೆರಳಲ್ಲಿ ಅದನ್ನು ಮುಟ್ಟಿ, "ಅಮ್ಮನೇ ಮೊದಲು," ಎಂದಳು. ಅಕ್ಕ ಕೊಟ್ಟದ್ದಕ್ಕೆ ಪ್ರತಿಯಾಗಿ ನನ್ನಿಂದ ಮಾಡಲಾದದ್ದು ಅಷ್ಟೇ. ನನಗೊಂದು ವಿದ್ಯೆ ಅವರಿಂದ ಸಿಕ್ಕಿತು. ಇವತ್ತು ಮಂಗಳೂರಿನಲ್ಲಿ ಹಡಗಿಗೆ ಹೋಗಿ ಬಾರದವರ ಮನೆಯವರು ನನ್ನ ಆಫೀಸಿನ ಬೆಂಚಿನ ಮೇಲೆ ಬಂದು ಕೂರುತ್ತಾರೆ. ನಾನು ಮೊದಲು ಹೆಸರು ಕೇಳುತ್ತೇನೆ, ಪೂರ್ತಿ ಹೆಸರು.

ತೀರ್ಪು ಬಂದ ದಿನ ಎಲ್ಲರೂ ನನ್ನನ್ನು ಹೊಗಳಿದರು. ಸೀನಿಯರ್ ಚಹಾ ತರಿಸಿದರು. ನನಗೆ ಕುಡಿಯಲಾಗಲಿಲ್ಲ. ಒಬ್ಬ ಮನುಷ್ಯನಿಗೆ ಸಾಯುವ ದಿನವೊಂದನ್ನು ನಾನೇ ಆರಿಸಿ, ವಾದ ಮಾಡಿ, ಗೆದ್ದು ಬಂದಿದ್ದೆ. ಆ ದಿನ ಅವರು ಯಾವುದೋ ಊರಿನಲ್ಲಿ, ಯಾರಿಗೋ ಅನ್ನ ಬೇಯಿಸಿ ಗಂಜಿ ಬಸಿಯುತ್ತಾ ನಿಂತಿದ್ದಿರಲೂಬಹುದು.